ಹಳೆಯ ಮನೆ ಮಾರುವ ಮುನ್ನ ಮೇಸ್ತ್ರಿಯನ್ನು ಯಾವಾಗ ಕರೆಯಬೇಕು?

ಮೈಸೂರಿನಲ್ಲಿ ಬ್ಯಾಂಕುಗಳ ಪರವಾಗಿ ಮನೆ, ನಿವೇಶನಗಳ ಮೌಲ್ಯಮಾಪನ ಮಾಡುವ ಸಿವಿಲ್ ಎಂಜಿನಿಯರ್ ನಾನು. ಮನೆ ಮಾರಲು ಹೊರಟವರು ‘ಏನೇನು ರಿಪೇರಿ ಮಾಡಿಸಿದರೆ ಒಳ್ಳೆಯ ಬೆಲೆ ಬಂದೀತು’ ಎಂದು ಕೇಳಿಕೊಂಡು ಬರುವುದರಿಂದ ಸಲಹೆ ಕೊಡುವುದೂ ಕ್ರಮೇಣ ನನ್ನ ವೃತ್ತಿಯ ಭಾಗವಾಗಿದೆ. (ಸಲಹೆ ಕೊಟ್ಟ ಮನೆಯ ಮೌಲ್ಯಮಾಪನವನ್ನು ಮಾತ್ರ ನಾನು ಒಪ್ಪಿಕೊಳ್ಳುವುದಿಲ್ಲ.) ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ನನ್ನದೇ ಒಂದು ತಪ್ಪಿನಿಂದ ಬಂದದ್ದು.

ಕುವೆಂಪುನಗರದಲ್ಲಿ 30x40 ಅಡಿ ನಿವೇಶನದ ಮೇಲೆ ಕೆಳಗೂ ಮೇಲೂ ಸೇರಿ 12 ಚದರದ (ಅಂದರೆ 1,200 ಚದರ ಅಡಿಯ), ಸುಮಾರು 35 ವರ್ಷ ಹಳೆಯ ಮನೆಯೊಂದಿತ್ತು. ಮಾಲೀಕರು ನಿವೃತ್ತ ಅಧ್ಯಾಪಕ ದಂಪತಿ. ಮೊಸಾಯಿಕ್ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್, ಅಡುಗೆಮನೆಗೆ ಹೊಸ ಗ್ರಾನೈಟ್ ಕಟ್ಟೆ ಮತ್ತು ಕಪಾಟುಗಳು, ಎರಡು ಸ್ನಾನಗೃಹಗಳ ನವೀಕರಣ ಇಷ್ಟನ್ನು ಮಾಡಿಸಿ ಎಂದು ನಾನು ಧೈರ್ಯವಾಗಿ ಹೇಳಿದೆ. ಐದೂವರೆ ಲಕ್ಷ ರೂಪಾಯಿ ಮತ್ತು ಮೂರು ತಿಂಗಳು ಖರ್ಚಾದವು. ಕೊಳ್ಳಲು ಬಂದವರು ಮನೆಯೊಳಗೆ ಒಮ್ಮೆ ಇಣುಕಿ ನೋಡಿ, ಹೊರಗೆ ಬಂದು ರಸ್ತೆಯ ಅಗಲವನ್ನೂ ನಿವೇಶನದ ನಾಲ್ಕು ಮೂಲೆಗಳನ್ನೂ ಅಳೆಸಿದರು. ಬಾಡಿಗೆ ಮನೆಗಳನ್ನು ಕಟ್ಟುವುದು ಅವರ ಉದ್ದೇಶವಾಗಿತ್ತು. ನಿವೇಶನದ ಬೆಲೆಯನ್ನಷ್ಟೇ ಕೊಟ್ಟರು, ನೋಂದಣಿಯಾದ ಎರಡೇ ತಿಂಗಳಿಗೆ ಮನೆಯನ್ನು ಕೆಡವಿಸಿದರು. ಮೇಷ್ಟ್ರು ನನ್ನ ಮೇಲೆ ರೇಗಲಿಲ್ಲ. ‘ಹೋಗಲಿ ಬಿಡಿ, ಹೊಸ ಅಡುಗೆಮನೆಯಲ್ಲಿ ನಮ್ಮ ಮನೆಯವರು ಮೂರು ವಾರ ಅಡುಗೆ ಮಾಡಿದರಲ್ಲ’ ಎಂದರು. ರೇಗಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಾಚಿಕೆ ಇನ್ನೂ ಹೆಚ್ಚಾಗಲು ಕಾರಣ, ಆ ಲೆಕ್ಕ ನನಗೆ ಗೊತ್ತಿಲ್ಲದ್ದೇನೂ ಆಗಿರಲಿಲ್ಲ. ಕಟ್ಟಡದ ಆಯುಷ್ಯವನ್ನು 60 ವರ್ಷವೆಂದೂ, ಕೊನೆಗೆ ಉಳಿಯುವ ಹಳೆ ಸಾಮಾನಿನ ಬೆಲೆಯನ್ನು ಶೇ 10 ಎಂದೂ ಇಟ್ಟುಕೊಂಡು ನಾವು ಸವಕಳಿ ಕಳೆಯುತ್ತೇವೆ. ಚದರ ಅಡಿಗೆ 2,000 ರೂಪಾಯಿಯಂತೆ 12 ಚದರವನ್ನು ಹೊಸದಾಗಿ ಕಟ್ಟಲು 24 ಲಕ್ಷ ಎಂದು ಹಿಡಿದರೆ, 35 ವರ್ಷಕ್ಕೆ ಅದರಲ್ಲಿ ಶೇ 52.5 ಭಾಗ ಸವೆದು 11.40 ಲಕ್ಷ ಉಳಿಯುತ್ತದೆ. ಅದೇ ನಿವೇಶನಕ್ಕೆ ಚದರ ಅಡಿಗೆ 8,000 ಎಂದು ಹಿಡಿದರೂ 96 ಲಕ್ಷವಾಗುತ್ತದೆ. ಒಳಾಂಗಣಕ್ಕೆ ಸುರಿದ ಹಣ ಕಟ್ಟಡದ ವಯಸ್ಸನ್ನು ಇಳಿಸುವುದಿಲ್ಲ. ಆದ್ದರಿಂದ ಈಗ ನಾನು ಮನೆಯೊಳಗೆ ಹೋಗುವ ಮೊದಲು ಆ ಬೀದಿಯಲ್ಲಿ ಎರಡು ಸುತ್ತು ನಡೆಯುತ್ತೇನೆ. ಅಕ್ಕಪಕ್ಕದ ಹಳೆಯ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟಿದ್ದರೆ, ಇದನ್ನು ಕೊಳ್ಳುವವರೂ ಬಹುಮಟ್ಟಿಗೆ ಕೆಡವುವವರೇ. ಅಂಥಲ್ಲಿ ಕಸ ತೆಗೆಸಿ, ಗಿಡಗಂಟಿ ಸವರಿಸಿ, ಗಡಿ ಕಾಣುವಂತೆ ಮಾಡಿದರೆ ಸಾಕು ಎನ್ನುತ್ತೇನೆ.

ವಾಸಕ್ಕೆಂದೇ ಕೊಳ್ಳುವವರಿರುವ ಬೀದಿಗಳಲ್ಲಿ ವಿಚಾರ ಬೇರೆ. ಅಲ್ಲಿ ಮೊದಲ ಹಣ ತಾರಸಿಗೆ ಹೋಗಬೇಕು. ಮಾಲೀಕರು ಸಾಮಾನ್ಯವಾಗಿ ಒಳಗೋಡೆಯ ತೇವದ ಕಲೆಗೆ ಪುಟ್ಟಿ ಬಳಿದು ಬಣ್ಣ ಹೊಡೆಸುತ್ತಾರೆ. ನೀರು ಮೇಲಿನಿಂದ ಬರುತ್ತಿರುವವರೆಗೆ ಆ ಬಣ್ಣ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಗೋಡೆ ಉಪ್ಪು ಬಿಟ್ಟು, ಬಣ್ಣ ಉಬ್ಬಿ, ಪದರ ಪದರವಾಗಿ ಉದುರುತ್ತದೆ. ಕಾರಣ ಹೆಚ್ಚಾಗಿ ಸಣ್ಣದೇ ಆಗಿರುತ್ತದೆ: ಕಾಲಕ್ರಮದಲ್ಲಿ ಇಳಿಜಾರು ಕೆಟ್ಟು ಮೂಲೆಯಲ್ಲಿ ನಿಲ್ಲುವ ನೀರು, ಎಲೆ ಕಟ್ಟಿಕೊಂಡ ಇಳಿಕೊಳವೆ, ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಬಿಟ್ಟ ಸಂದು. ಅವುಗಳನ್ನು ಹಾಗೆಯೇ ಬಿಟ್ಟರೆ ತೇವ ಸ್ಲ್ಯಾಬಿನ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಹಿಗ್ಗಿ ಕೆಳಗಿನ ಕಾಂಕ್ರೀಟನ್ನು ಹೆಕ್ಕಳಿಕೆಯಾಗಿ ಎಬ್ಬಿಸುತ್ತದೆ. ಸರಸ್ವತೀಪುರಂನ ಒಂದು ಮನೆಯಲ್ಲಿ ಒಂದು ಕೋಣೆಯ ಒಂದೇ ಗೋಡೆ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು, ಉಳಿದ ಮೂರು ಹಳತಾಗಿದ್ದವು. ಕೊಳ್ಳುವವರ ಜೊತೆ ಬಂದಿದ್ದ ಹಿರಿಯರು ಬೇರೇನನ್ನೂ ನೋಡದೆ ನೇರವಾಗಿ ತಾರಸಿ ಹತ್ತಿದರು. ರಿಪೇರಿಗೆ ಎಪ್ಪತ್ತು ಸಾವಿರವಾಗಬಹುದಾಗಿದ್ದಲ್ಲಿ ಅವರು ಮೂರು ಲಕ್ಷ ಇಳಿಸಿ ಕೇಳಿದರು, ಮಾಲೀಕರಿಗೆ ಎದುರಾಡಲು ಬಾಯಿ ಬರಲಿಲ್ಲ.

ತಾರಸಿಯಾದ ಮೇಲೆ ವೈರಿಂಗ್. ಪಿಂಗಾಣಿ ಫ್ಯೂಸುಗಳ ಬದಲು, ಅಪಾಯವಾದಾಗ ವಿದ್ಯುತ್ತನ್ನು ತಾನಾಗಿ ಕಡಿಯುವ ಎಂಸಿಬಿ, ಇಎಲ್‌ಸಿಬಿ ಹಾಕಿಸಿ, ಅರ್ಥಿಂಗ್ ಸರಿಪಡಿಸುವ ಖರ್ಚು ದೊಡ್ಡದಲ್ಲ. ತುಕ್ಕು ನೀರು ಬರುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳ ವಿಷಯವನ್ನು ಮುಚ್ಚಿಡದೆ ಹೇಳಿ, ಬೆಲೆಯಲ್ಲಿ ಹೊಂದಿಸಿಕೊಳ್ಳುವುದು ಗೋಡೆ ಒಡೆಸುವುದಕ್ಕಿಂತ ಲೇಸು. ಕೆಂಪು ರೆಡ್ ಆಕ್ಸೈಡ್ ನೆಲವನ್ನೂ ತೇಗದ ಬಾಗಿಲುಗಳನ್ನೂ ದಯವಿಟ್ಟು ಮುಟ್ಟಬೇಡಿ. ಆ ನೆಲವನ್ನು ಹೊಸದಾಗಿ ಹಾಕಬಲ್ಲ ಗಾರೆಯವರು ಈಗ ಸುಲಭವಾಗಿ ಸಿಗುವುದಿಲ್ಲ, ಅದನ್ನೇ ಹುಡುಕಿಕೊಂಡು ಬರುವವರನ್ನು ನಾನು ಕಂಡಿದ್ದೇನೆ.

ಮಾಡಿಸಿದ ಕೆಲಸದ ಬಿಲ್ಲುಗಳನ್ನು ಜೋಪಾನವಾಗಿಡಬೇಕು. ಸುಣ್ಣ ಬಣ್ಣದಂಥ ನಿರ್ವಹಣೆಗೆ ಅಲ್ಲದಿದ್ದರೂ, ಕೋಣೆ ಸೇರಿಸಿದಂಥ ನಿಜವಾದ ಸುಧಾರಣೆಯ ವೆಚ್ಚವನ್ನು ಬಂಡವಾಳ ಲಾಭದ (ಆಸ್ತಿ ಮಾರಿ ಬಂದ ಲಾಭದ) ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು. 2001ರ ಏಪ್ರಿಲ್ 1ಕ್ಕೆ ಮುಂಚಿನ ವೆಚ್ಚಕ್ಕೆ ಆ ಅವಕಾಶವಿಲ್ಲ. ದೀರ್ಘಾವಧಿಯ ತೆರಿಗೆಯ ದರ 2024ರ ಜುಲೈ 23ರಿಂದ ಶೇ 12.5 ಆಗಿದ್ದು, ಆ ದಿನಕ್ಕೆ ಮುಂಚೆ ಕೊಂಡ ಮನೆಯಾದರೆ ದೇಶದಲ್ಲೇ ನೆಲೆಸಿರುವವರು ಕೊಂಡ ಬೆಲೆಯನ್ನು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರಿಸಿಕೊಳ್ಳುವ ಶೇ 20ರ ಹಳೆಯ ಲೆಕ್ಕವನ್ನೂ ಹಾಕಿ ನೋಡಬಹುದು.

ಇಷ್ಟೆಲ್ಲ ಹೇಳಿದ ಮೇಲೂ, ಮಾರುವ ಮನೆಗೆ ಮಾಡಿಸಬೇಕಾದ ಮೊದಲ ರಿಪೇರಿ ಕಾಗದಪತ್ರಗಳದ್ದು ಎಂಬುದೇ ನನ್ನ ಅಭಿಪ್ರಾಯ. ಕ್ರಯಪತ್ರದಲ್ಲಿ ಒಂದು ಹೆಸರು, ಖಾತೆಯಲ್ಲಿ (ಪಾಲಿಕೆಯ ಆಸ್ತಿ ದಾಖಲೆಯಲ್ಲಿ) ಇನ್ನೊಂದು, ಮಂಜೂರಾದ ನಕ್ಷೆಯಲ್ಲಿಲ್ಲದ ಮೇಲಂತಸ್ತು, ತೀರಿಸಿದ ಸಾಲ ಇನ್ನೂ ತೋರಿಸುವ ಋಣಭಾರ ಪತ್ರ ಇವು ಬ್ಯಾಂಕಿನ ವಕೀಲರ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂರುತ್ತವೆ. ಅಷ್ಟರಲ್ಲಿ ಕೊಳ್ಳುವವರು ಬೇರೆ ಮನೆ ನೋಡಿಕೊಂಡಿರುತ್ತಾರೆ.

ಕಳೆದ ತಿಂಗಳು ಒಂಟಿಕೊಪ್ಪಲಿನ ಮೂವರು ಅಣ್ಣತಮ್ಮಂದಿರು ತಮ್ಮ ಮನೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಕೇಳಲು ನನ್ನನ್ನು ಕರೆಸಿದರು. ಬಣ್ಣದವನಿಗೆ ಮುಂಗಡ ಕೊಟ್ಟಾಗಿತ್ತು. ಖಾತೆ ತೋರಿಸಿ ಎಂದೆ. ಅದು ತೀರಿಕೊಂಡ ತಂದೆಯ ಹೆಸರಿನಲ್ಲೂ ಇರಲಿಲ್ಲ, ತಾತನ ಹೆಸರಿನಲ್ಲಿತ್ತು. ಮೂವರೂ ಈಗ ವಂಶವೃಕ್ಷ ಮಾಡಿಸಲು ಓಡಾಡುತ್ತಿದ್ದಾರೆ. ಬಣ್ಣದವನು ಮುಂಗಡವನ್ನು ತನ್ನಲ್ಲೇ ಇಟ್ಟುಕೊಂಡು, ಖಾತೆಯಾದ ಮೇಲೆ ಫೋನ್ ಮಾಡಿ ಎಂದು ಹೇಳಿ ಹೋಗಿದ್ದಾನೆ.