ಹಾವು ಕಚ್ಚಿದರೆ ಯಾವ ಬೇರು?

ಹಾಸನದಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನನಗೆ ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಊರಿನ ಕಣದಲ್ಲಿ ಎದುರಾಗುವ ಪ್ರಶ್ನೆ ಒಂದೇ: "ಮೇಡಂ, ಹಾವು ಕಚ್ಚಿದರೆ ಯಾವ ಬೇರು ಅರೆದು ಕುಡಿಸಬೇಕು?" ಇಷ್ಟು ವರ್ಷ ಸಮಾಧಾನದಿಂದ ಹೇಳಿದ್ದಾಯಿತು. ಈಗ ಬರೆದೇ ಬಿಡುತ್ತೇನೆ. ಯಾವ ಬೇರೂ ಬೇಡ. ಆಸ್ಪತ್ರೆಗೆ ಹೊರಡಿ.

ಇದನ್ನು ಕೇಳಿದವರ ಮುಖ ಸಣ್ಣದಾಗುತ್ತದೆ. "ಗಿಡ ಓದಿಕೊಂಡವರೇ ಹೀಗಂದರೆ ಹೇಗೆ?" ಎನ್ನುತ್ತಾರೆ. ಕೆಲವರು ಅಲ್ಲಿಗೂ ಬಿಡುವುದಿಲ್ಲ, "ಸೈಡ್ ಎಫೆಕ್ಟ್ ಇಲ್ಲದ್ದು ಒಂದಾದರೂ ಹೇಳಿ" ಎಂದು ಪಟ್ಟು ಹಿಡಿಯುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಚಿಕ್ಕಪ್ಪ ಕಣ್ಣ ಮುಂದೆ ಬರುತ್ತಾರೆ.

ಅರಕಲಗೂಡು ಕಡೆ ನಮ್ಮ ಊರು. ರಾಗಿ ಕೊಯ್ಲಿನ ಒಂದು ಬೆಳಿಗ್ಗೆ ಅರಿ ಎತ್ತುವಾಗ ಕೊಳಕುಮಂಡಲ ಅವರ ಮುಂಗೈಗೆ ಕಚ್ಚಿತು. ಮನೆಯವರು ಕರೆದುಕೊಂಡು ಹೋಗಿದ್ದು ಪಕ್ಕದ ಊರಿನ ನಾಟಿ ವೈದ್ಯರ ಬಳಿಗೆ. ಕಾಸು ಮುಟ್ಟದ ಮನುಷ್ಯ, ಅವರನ್ನು ಕೆಟ್ಟವರೆಂದು ನಾನು ಎಂದೂ ಹೇಳುವುದಿಲ್ಲ. ಈಶ್ವರಿ ಬೇರು ಅರೆದು ಕುಡಿಸಿದರು, ಗಾಯಕ್ಕೂ ಹಚ್ಚಿದರು, ತೋಳಿಗೆ ಹಗ್ಗ ಬಿಗಿದರು. ಹಾಗೆ ಬಿಗಿಯಲೇಬಾರದು, ಮೂಳೆ ಮುರಿದ ಕೈಯನ್ನು ಹಲಗೆಗೆ ಕಟ್ಟಿದಂತೆ ಅಲುಗಾಡದಂತೆ ಇಟ್ಟರೆ ಸಾಕು. ಎರಡೂವರೆ ಗಂಟೆ ಕಳೆದು, ಮೊಣಕೈವರೆಗೂ ಊದಿ, ಒಸಡಿನಲ್ಲಿ ರಕ್ತ ಜಿನುಗಿದ ಮೇಲೆ ಜೀಪು ಬಂತು.

ಆಸ್ಪತ್ರೆಯಲ್ಲಿ ನರ್ಸ್ 2 ಮಿ.ಲೀ. ರಕ್ತ ತೆಗೆದು ಒಣಗಿದ ಗಾಜಿನ ಕೊಳವೆಗೆ ಹಾಕಿ ನಿಲ್ಲಿಸಿದರು. 20 ನಿಮಿಷ ಯಾರೂ ಮುಟ್ಟಬೇಡಿ ಎಂದರು. ನಾನು ಗಡಿಯಾರ ನೋಡುತ್ತ ಅಲ್ಲೇ ನಿಂತೆ. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟಿ, ಕೊಳವೆ ಬಾಗಿಸಿದರೂ ತಳ ಬಿಡುವುದಿಲ್ಲ. ಚಿಕ್ಕಪ್ಪನ ರಕ್ತ ನೀರಿನಂತೆ ಗಾಜಿನುದ್ದಕ್ಕೂ ಹರಿದು ಬಂತು. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನು ಕೆರಳಿಸಿ ಕೆರಳಿಸಿ ಬರಿದು ಮಾಡಿಬಿಡುತ್ತದೆ. ಆಮೇಲೆ ಮೂತ್ರಪಿಂಡ. ಅವರು ಬದುಕಿದರು, ಮೂರು ವಾರ ಡಯಾಲಿಸಿಸ್ ಮಾಡಿಸಬೇಕಾಯಿತು.

ಈಶ್ವರಿ ಬೇರಿನಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಹಾವಿನ ವಿಷದ ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವವನ್ನು ತಡೆಯುತ್ತದೆ. ಅದೇ ಆಮ್ಲ ಮೂತ್ರಪಿಂಡವನ್ನೂ ಹಾಳು ಮಾಡುತ್ತದೆ, ಮೂತ್ರನಾಳಕ್ಕೆ ಕ್ಯಾನ್ಸರ್ ತರುತ್ತದೆ. ಮೂತ್ರಪಿಂಡಕ್ಕೇ ಪೆಟ್ಟು ಕೊಡುವ ಹಾವು ಕಚ್ಚಿದವರಿಗೆ ನಾವು ಕುಡಿಸಿದ್ದು ಇದನ್ನು. ಸೈಡ್ ಎಫೆಕ್ಟ್ ಇಲ್ಲದ್ದು ಕೇಳುವವರು ಇದನ್ನು ಎರಡು ಸಲ ಓದಿ.

"ಬೇರು ಕುಡಿದು ಬದುಕಿದವರಿದ್ದಾರಲ್ಲ?" ಇದ್ದಾರೆ. ನಮ್ಮಲ್ಲಿರುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಬರೀ ಹಲ್ಲು ಊರಿ ಹೋಗುತ್ತದೆ. ಅಂಥವರು ಬೇರು ಕುಡಿಯದಿದ್ದರೂ ಬದುಕುತ್ತಿದ್ದರು.

ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು ಮುಟ್ಟಿದರೆ ಮುನಿಯ ಬೇರಿನ ಸಾರ, ಹುಣಸೆ ಬೀಜದ ಸಾರ ಹಾವಿನ ವಿಷದ ಕಿಣ್ವಗಳನ್ನು ತಡೆಯುತ್ತವೆಂದು ತೋರಿಸಿದ್ದಾರೆ. ತರಗತಿಯಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಗಿಡದ ಸಾರದ ಇಂಥ ಪ್ರಯೋಗಗಳಲ್ಲಿ ಬಹಳಷ್ಟು ಸಲ ವಿಷ ಮತ್ತು ಸಾರವನ್ನು ಮೊದಲೇ ಬೆರೆಸಿಟ್ಟು, ಆಮೇಲೆ ಇಲಿಗೆ ಚುಚ್ಚುತ್ತಾರೆ. ರಾಗಿ ಹೊಲದಲ್ಲಿ ವಿಷ ಮೊದಲು ಮೈಗೆ ಸೇರುತ್ತದೆ. ಬೇರು ಹುಡುಕಿ, ಅರೆದು, ಕುಡಿದು, ಹೊಟ್ಟೆಯಿಂದ ರಕ್ತಕ್ಕೆ ಇಳಿಯುವಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿರುತ್ತದೆ.

ಇದನ್ನೆಲ್ಲ ಬಿಟ್ಟು ಯಾರಾದರೂ ನನ್ನನ್ನು ಬೇರೆ ಏನಾದರೂ ಕೇಳಬಾರದೇ? ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಲ್ಕು ಹಾವುಗಳಿಗಾಗಿ ಮಾಡಿದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟದ ತರಗೆಲೆಯಲ್ಲಿ ಮೂಗಿನ ತುದಿ ಮೇಲಕ್ಕೆ ಎದ್ದಿರುವ ಪುಟ್ಟ ಗುಳಿಮಂಡಲವೊಂದಿದೆ. ಅದು ಈ ನಾಲ್ಕರಲ್ಲಿ ಸೇರಿಲ್ಲ. ಅದರ ಕಡಿತದಿಂದಲೂ ರಕ್ತ ಹೆಪ್ಪುಗಟ್ಟುವುದು ನಿಲ್ಲಬಹುದು, ಮೂತ್ರಪಿಂಡ ಕೆಡಬಹುದು. "ಈ ಹಾವಿನ ವಿಷವನ್ನು ತಡೆಯುವ ಒಂದು ಅಣು ನಮ್ಮ ಘಟ್ಟದ ಗಿಡಗಳಲ್ಲಿ ಇದ್ದೀತೇ? ಇದ್ದರೆ ಅದನ್ನು ಬೇರ್ಪಡಿಸಿ, ಎಷ್ಟು ಕೊಡಬೇಕೆಂದು ಅಳೆದು, ಚುಚ್ಚುಮದ್ದು ಮಾಡಲು ಏನು ಬೇಕು?" ಎಂದು ಕೇಳಿ. ದಿನವಿಡೀ ಕೂತು ಮಾತಾಡುತ್ತೇನೆ, ಊಟವೂ ನನ್ನದೇ.

ಚಿಕ್ಕಪ್ಪ ಬೇರಿನ ಮಾತು ಬಿಟ್ಟಿದ್ದಾರೆ, ಲೆಕ್ಕ ಕಲಿತಿದ್ದಾರೆ. ಕೊಳಕುಮಂಡಲ ಒಂದು ಕಡಿತಕ್ಕೆ ಸರಾಸರಿ 63 ಮಿ.ಗ್ರಾಂ. ವಿಷ ಬಿಡುತ್ತದೆ; 10 ಮಿ.ಲೀ.ಯ ಒಂದು ವಯಲ್ (ಪುಟ್ಟ ಔಷಧಿ ಸೀಸೆ) ಪ್ರತಿವಿಷ ಅದರಲ್ಲಿ 6 ಮಿ.ಗ್ರಾಂ. ಅಡಗಿಸುತ್ತದೆ. ಅಂದರೆ ಆರಂಭಕ್ಕೇ ಹತ್ತು ವಯಲ್ ಬೇಕು. ಪ್ರತಿ ವರ್ಷ ರಾಗಿಗೆ ಕುಡುಗೋಲು ಹಾಕುವ ಮೊದಲು ಅವರು ಆಸ್ಪತ್ರೆಗೆ ಫೋನ್ ಮಾಡಿ ಎಷ್ಟು ವಯಲ್ ಇವೆ ಎಂದು ಕೇಳುತ್ತಾರೆ. ಹತ್ತಕ್ಕಿಂತ ಕಡಿಮೆ ಎಂದರೆ ಆಚೆ ಊರಿನ ಆಸ್ಪತ್ರೆಗೂ ಫೋನ್ ಮಾಡಿ, ಇದ್ದ ಕಡೆಯ ಹೆಸರನ್ನು ಸೀಮೆಸುಣ್ಣದಲ್ಲಿ ಕೊಟ್ಟಿಗೆ ಬಾಗಿಲ ಮೇಲೆ ಬರೆದಿಡುತ್ತಾರೆ.