ರಾಜಾ ಹಡಗಿನ ಹೊದಿಕೆ: ಆರನೇ ವಾರ

ರಾಜಾ ಹಡಗಿನ ಕೈದಿಗಳು ಹೊಲಿದ ಹಳೆಯ ಹೊದಿಕೆಯೊಂದರ ಚಿಕ್ಕ ನಕಲನ್ನು ನಾನು ಕೈಯಲ್ಲೇ ಹೊಲಿಯುತ್ತಿದ್ದೇನೆ. ಇವತ್ತಿಗೆ 214 ತುಂಡು ಸೇರಿದವು. ಬೇಕಿರುವುದು 704.

ಹೊಸದಾಗಿ ಓದುತ್ತಿರುವವರಿಗೆ ಇಷ್ಟು ಹೇಳಿಬಿಡುತ್ತೇನೆ. 1841ರ ಏಪ್ರಿಲ್ 5ಕ್ಕೆ ಇಂಗ್ಲೆಂಡಿನ ವುಲಿಚ್‌ನಿಂದ ರಾಜಾ ಅನ್ನುವ ಹಡಗು ಹೊರಟಿತು. ಒಳಗೆ 180 ಹೆಣ್ಣು ಕೈದಿಗಳು. ಜಾಸ್ತಿ ಜನ ಸಣ್ಣಪುಟ್ಟ ಕಳ್ಳತನಕ್ಕೆ ಸಿಕ್ಕಿಬಿದ್ದವರು, ಶಿಕ್ಷೆ ಗಡಿಪಾರು. ಜುಲೈ 19ಕ್ಕೆ ಹೋಬಾರ್ಟ್ ಮುಟ್ಟಿದರು, ಅದು ಈಗಿನ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಊರು. ಆ ಪ್ರಯಾಣದಲ್ಲೇ ಅವರು 2,815 ತುಂಡು ಬಟ್ಟೆ ಜೋಡಿಸಿ ಮೂರು ಮೀಟರಿಗೂ ದೊಡ್ಡದಾದ ಒಂದು ಹೊದಿಕೆ ಹೊಲಿದರು. ಅದು ಈಗ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯಲ್ಲಿದೆ. ನನ್ನದು ಉದ್ದ ಅಗಲ ಎರಡರಲ್ಲೂ ಅದರ ಅರ್ಧ, ಹಾಗಾಗಿ ತುಂಡುಗಳು ಕಾಲು ಭಾಗ.

ಸುಮ್ನೆ ಲೆಕ್ಕ ಹಾಕಿ ನೋಡಿದೆ. 105 ದಿನದ ಪ್ರಯಾಣಕ್ಕೆ 2,815 ಅಂದರೆ ದಿನಕ್ಕೆ ಸುಮಾರು 27 ತುಂಡು. ನನ್ನ ಕೈಯಲ್ಲಿ ದಿನಕ್ಕೆ ಐದೇ ಆಗುತ್ತಿದೆ, ಅದೂ ಅಲ್ಲಾಡದ ಮೇಜಿನ ಮೇಲೆ, ಟ್ಯೂಬ್‌ಲೈಟ್ ಬೆಳಕಲ್ಲಿ. ಅವರು ಅಲೆಗೆ ಓಲಾಡುವ ಹಡಗಲ್ಲಿ ಕೂತು ಸೂಜಿಗೆ ದಾರ ಪೋಣಿಸಿದ್ದನ್ನು ನೆನೆಸಿಕೊಂಡರೆ ಕೈ ತಾನಾಗೇ ನಿಲ್ಲುತ್ತದೆ. ಬಟ್ಟೆ, ಸೂಜಿ, ದಾರ, ಕತ್ತರಿ ಎಲ್ಲ ಕೊಟ್ಟು ಕಳಿಸಿದ್ದು ಜೈಲಿನ ಹೆಂಗಸರಿಗಾಗಿ ದುಡಿದ ಎಲಿಜಬೆತ್ ಫ್ರೈ ಕಟ್ಟಿದ ಮಹಿಳೆಯರ ಸಂಘ. ಹಡಗಲ್ಲಿ ಅವರನ್ನು ನೋಡಿಕೊಳ್ಳಲು ಹೋದವರು ಕೆಜಿಯಾ ಹೇಟರ್, ಇನ್ನೂ 23ರ ಹುಡುಗಿ.

ಈ ವಾರ ನಡುವಿನ ಭಾಗಕ್ಕೆ ಕೈ ಹಾಕಿದೆ. ಮೂಲದಲ್ಲಿ ಬಿಳಿ ಬಟ್ಟೆಯ ಮೇಲೆ ಹಕ್ಕಿ, ಹೂವು. ಅವು ಕಸೂತಿ ಇರಬೇಕು ಅಂದುಕೊಂಡಿದ್ದೆ. ಅಚ್ಚು ಹಾಕಿದ ಬಟ್ಟೆಯಿಂದ ಹಕ್ಕಿಯನ್ನೇ ಕತ್ತರಿಸಿ ತೆಗೆದು ಹಚ್ಚಿದ್ದಾರೆ! ನಮ್ಮಜ್ಜಿ ಇಂಥ ಹೂವಿನ ಬಟ್ಟೆಗೆ ಚೀಟಿ ಅನ್ನುತ್ತಿದ್ದರು. ಇಂಗ್ಲಿಷರ ಚಿಂಟ್ಸ್ ಅನ್ನುವ ಮಾತೂ ಭಾರತದಿಂದಲೇ ಹೋದದ್ದು. ಮೊದಲ ಹಕ್ಕಿಯನ್ನು ಗೆರೆಗೆ ಸರಿಯಾಗಿ ಕತ್ತರಿಸಿದೆ, ಹೊಲಿಯುವಷ್ಟರಲ್ಲಿ ಬಾಲದ ಕಡೆ ಎಳೆ ಬಿಚ್ಚಿಕೊಂಡು ಅರ್ಧ ಗರಿಯೇ ಹೋಯಿತು. ಎರಡನೆಯದಕ್ಕೆ ಸುತ್ತ ಮೂರು ಮಿಲಿಮೀಟರ್ ಬಿಟ್ಟೆ. ಸೂಜಿಯ ತುದಿಯಿಂದಲೇ ಅಂಚನ್ನು ಒಳಗೆ ತಳ್ಳುತ್ತಾ, ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಒಂದೊಂದೇ ಹೊಲಿಗೆ ಹಾಕಿದೆ. ಒಂದು ಹಕ್ಕಿಗೆ ಎರಡು ಸಂಜೆ ಬೇಕಾಯಿತು, ಆದರೆ ಕೊಕ್ಕು ಎಷ್ಟು ಚೂಪಾಗಿ ಬಂದಿದೆ ಅಂದರೆ ಹೋಗುತ್ತಾ ಬರುತ್ತಾ ಮುಟ್ಟಿ ನೋಡುತ್ತಿದ್ದೇನೆ.

ಅಂಚಿನಲ್ಲಿ ನಮ್ಮ ಮೆಂತೆ ಹೊಲಿಗೆಯಂಥ ಪುಟ್ಟ ಪುಟ್ಟ ಹೊಲಿಗೆಯಲ್ಲಿ ಒಂದು ಬರಹ ಇದೆ. ಸಂಘದ ಹೆಂಗಸರಿಗೆ ಕೃತಜ್ಞತೆ ಹೇಳಿ, ನೀವು ಹೇಳಿದ ಹಾಗೆ ದುಡಿದಿದ್ದೇವೆ ಅಂತ ತೋರಿಸಲು ಇದು ಅಂತ ಬರೆದು, ಜೂನ್ 1841 ಅಂತ ಹಾಕಿದ್ದಾರೆ. ಹೊಲಿದವರು 'ರಾಜಾ ಹಡಗಿನ ಕೈದಿಗಳು', ಅಷ್ಟೇ. ಒಬ್ಬಳ ಹೆಸರೂ ಇಲ್ಲ. ನನಗೆ ಅದು ತುಂಬಾ ಚುಚ್ಚುತ್ತದೆ.

ಅದಕ್ಕೇ ಹೆಸರಿರುವ ಒಬ್ಬಳನ್ನು ನನ್ನ ಹೊದಿಕೆಗೆ ಸೇರಿಸುತ್ತಿದ್ದೇನೆ. ಎಸ್ತರ್ ಅಬ್ರಹಾಮ್ಸ್. ರಾಜಾಕ್ಕಿಂತ ಐವತ್ತು ವರ್ಷ ಹಿಂದಿನವಳು. 1786ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ ಏಳು ವರ್ಷ ಗಡಿಪಾರಾಯಿತು. ಕದ್ದದ್ದು 24 ಗಜ ಕಪ್ಪು ರೇಷ್ಮೆ ಲೇಸ್. ಆಗ ಅವಳು ಬಸುರಿ, ನ್ಯೂಗೇಟ್ ಜೈಲಲ್ಲೇ ಹೆಣ್ಣುಮಗು ಹುಟ್ಟಿತು. ಆ ಕೂಸನ್ನು ಎತ್ತಿಕೊಂಡೇ ಲೇಡಿ ಪೆನ್ರಿನ್ ಹಡಗಲ್ಲಿ 1788ಕ್ಕೆ ಸಿಡ್ನಿಗೆ ಬಂದಳು.

24 ಗಜ ಅಂದರೆ ಎಷ್ಟಿರುತ್ತದೆ ಅಂತ ಕಣ್ಣಾರೆ ನೋಡಬೇಕಿತ್ತು. ಪೇಟೆಯಿಂದ ಅಷ್ಟೇ ಅಳತೆಯ ಕಪ್ಪು ಲೇಸ್ ತಂದೆ, ರೇಷ್ಮೆ ಸಿಗಲಿಲ್ಲ, ನೈಲಾನ್. ಕೈಯಲ್ಲಿ ಸುತ್ತಿದರೆ ಒಂದು ಮುಷ್ಟಿಯೂ ತುಂಬಲಿಲ್ಲ. ಹಾಸಿ ನೋಡಿದರೆ ನನ್ನ ಹೊದಿಕೆಯ ಸುತ್ತ ಮೂರು ಸುತ್ತು ಬಂದು ಇನ್ನೂ ಎರಡು ಮೀಟರ್ ಉಳಿಯಿತು. ಆ ಮುಷ್ಟಿ ಲೇಸಿಗೆ ಮಗುವಿನ ಜೊತೆ ಭೂಮಿಯ ಆ ತುದಿಗೆ ಹೋಗಬೇಕಾಯಿತು ಅಲ್ವಾ, ಅದನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ.

ಮೂರೂ ಸುತ್ತು ಅಂಚಿಗೆ ಹಚ್ಚುತ್ತೇನೆ. ಉಳಿದ ಎರಡು ಮೀಟರನ್ನು ಕತ್ತರಿಸುವುದಿಲ್ಲ, ಮಡಿಸಿ ಹಿಂಬದಿಗೆ ಒಂದು ಚೀಲ ಹೊಲಿದು ಅದರಲ್ಲಿ ಇಡುತ್ತೇನೆ. ಮುಂದಿನ ವಾರ ಮೂರನೇ ಹಕ್ಕಿ.