ಯಾವ ಸಾಫ್ಟ್‌ವೇರ್ ಹಾಕಿಸಲಿ ಅಂತ ಕೇಳುವವರಿಗೆ

ಸಣ್ಣ, ಮಧ್ಯಮ ಗಾತ್ರದ ಕಂಪನಿಗಳಲ್ಲಿ ಕೆಲಸ ಎಲ್ಲಿ ತಡವಾಗುತ್ತಿದೆ ಅಂತ ಹುಡುಕುವುದು ನನ್ನ ಕೆಲಸ. ಇಪ್ಪತ್ತು ಜನ, ಐವತ್ತು ಜನ, ಹೆಚ್ಚೆಂದರೆ ನೂರೈವತ್ತು ಜನ ಇರುವಂಥ ಜಾಗಗಳು. ಇದು ಗೊತ್ತಾದ ಕೂಡಲೇ ಮಾಲೀಕರು ಕೇಳುವುದು ಒಂದೇ ಪ್ರಶ್ನೆ. "ಆರ್ಡರ್ ಟೈಮಿಗೆ ಹೋಗ್ತಾ ಇಲ್ಲ ಸರ್. ನಮ್ಮ ಜನ ತುಂಬಾ ನಿಧಾನ. ಯಾವ ಸಾಫ್ಟ್‌ವೇರ್ ಹಾಕಿಸಲಿ, ಹೇಳಿ."

ಫೋನಿನಲ್ಲಿ ಉತ್ತರ ಹೇಳಲು ಹೋದರೆ ಅರ್ಧ ಗಂಟೆ ಹಿಡಿಯುತ್ತದೆ. ಎಲ್ಲ ಕೇಳಿಸಿಕೊಂಡು ಕೊನೆಗೆ "ಸರಿ ಸರ್, ಆದ್ರೂ ಯಾವ್ದು ಒಳ್ಳೇದು?" ಅನ್ನುತ್ತಾರೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಸದ್ಯಕ್ಕೆ ಯಾವುದೂ ಬೇಡ. ಮೊದಲು ಒಂದೇ ಒಂದು ಆರ್ಡರ್ ಆರಿಸಿಕೊಳ್ಳಿ. ಅದು ಬಂದ ಗಳಿಗೆಯಿಂದ ಗಾಡಿ ಹತ್ತುವವರೆಗೆ ಅದರ ಹಿಂದೆಯೇ ಓಡಾಡಿ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಎಷ್ಟು ಹೊತ್ತಿಗೆ ಯಾರ ಕೈಗೆ ಬಂತು, ಎಷ್ಟು ಹೊತ್ತಿಗೆ ಅವರ ಕೈ ಬಿಟ್ಟಿತು, ಅಷ್ಟೇ ಬರೆದುಕೊಳ್ಳಿ.

ರಟ್ಟಿನ ಪೆಟ್ಟಿಗೆ ಪ್ರಿಂಟ್ ಮಾಡುವ ಒಂದು ಯೂನಿಟ್‌ನಲ್ಲಿ ನಾನು ಹೀಗೆ ಓಡಾಡಿದ್ದೆ. ಸೋಮವಾರ ಬೆಳಗ್ಗೆ ಆರ್ಡರ್ ಬಂತು. ಡಿಸೈನ್ ಮಾಡುವ ಹುಡುಗಿ 40 ನಿಮಿಷದಲ್ಲಿ ಫೈಲ್ ರೆಡಿ ಮಾಡಿದಳು. ಜಾಬ್ ಕಾರ್ಡ್, ಅಂದರೆ ಆ ಆರ್ಡರಿನ ಕೆಲಸದ ಚೀಟಿ, ಸಹಿಗೆ ಮಾಲೀಕರ ಟೇಬಲ್ಲಿಗೆ ಹೋಯಿತು. ಅವರು ಊರಲ್ಲಿರಲಿಲ್ಲ. ಮಂಗಳವಾರ ಬಂದರು. ಟೇಬಲ್ ಮೇಲೆ ಆಗಲೇ ಹದಿನಾಲ್ಕು ಕಾರ್ಡ್ ಇದ್ದವು, ಇದು ಹದಿನೈದನೆಯದು. ಬುಧವಾರ ಸಂಜೆ ಸಹಿ ಬಿತ್ತು. ಸಹಿ ಹಾಕಲು ಒಂದು ನಿಮಿಷವೂ ಹಿಡಿಯಲಿಲ್ಲ. ಗುರುವಾರ ಪ್ರಿಂಟಿಂಗಿಗೆ ಬೇಕಾದ ಪ್ಲೇಟ್ ಆಯಿತು. ಶುಕ್ರವಾರ ಮಧ್ಯಾಹ್ನ ಪ್ರಿಂಟ್, ಒಂದೂಮುಕ್ಕಾಲು ಗಂಟೆ. ಆಮೇಲೆ ಆ ಹಾಳೆಗಳು ಡೈ ಕಟಿಂಗ್ ಮೆಷಿನ್ ಪಕ್ಕ ಕೂತವು. ಡೈ ಎಂಬ ಅಚ್ಚಿನಿಂದ ಹಾಳೆಯನ್ನು ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸುವ ಮೆಷಿನ್ ಅದು. ಶನಿವಾರ ಕೂತವು. ಸೋಮವಾರ ಕೂತವು. ಮಂಗಳವಾರ ನೋಡಿದರೆ ಯಾರೋ ಅವುಗಳ ಮೇಲೆ ಹೆಲ್ಮೆಟ್ ಇಟ್ಟಿದ್ದರು. ಬುಧವಾರ ಕಟಿಂಗ್, ಪೇಸ್ಟಿಂಗ್ ಎರಡೂ ಮುಗಿದವು. ಗುರುವಾರ ಗಾಡಿ ಹತ್ತಿತು.

ಒಟ್ಟು 11 ದಿನ. ಯಾರಾದರೂ ಅದಕ್ಕೆ ಕೈ ಹಚ್ಚಿದ್ದ ಹೊತ್ತನ್ನೆಲ್ಲ ಕೂಡಿದರೆ ಸುಮಾರು 6 ಗಂಟೆ.

ಈ ಲೆಕ್ಕವನ್ನು ಮಾಲೀಕರ ಮುಂದಿಟ್ಟೆ. "ನಿಮ್ಮ ಜನ ಎಲ್ಲರೂ ನಾಳೆಯಿಂದ ಡಬಲ್ ಸ್ಪೀಡಲ್ಲಿ ಕೆಲಸ ಮಾಡ್ತಾರೆ ಅಂತಿಟ್ಟುಕೊಳ್ಳಿ. 11 ದಿನದಲ್ಲಿ ಉಳಿತಾಯ ಆಗೋದು 3 ಗಂಟೆ." ಅವರು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಗಾದ್ರೆ ಉಳಿದ ಹತ್ತು ಚಿಲ್ಲರೆ ದಿನ ಎಲ್ಲಿ ಹೋಯ್ತು?" ಅಂದರು. ನಾನು ಬಯಸಿದ್ದ ಪ್ರಶ್ನೆ ಅದೇ.

ಇದು ಹೊಸ ವಿದ್ಯೆಯೇನಲ್ಲ. ಟೊಯೋಟಾದ ಉತ್ಪಾದನಾ ಪದ್ಧತಿಯನ್ನು ಕಟ್ಟಿದವರಲ್ಲಿ ಮುಖ್ಯರಾದ ತೈಚಿ ಓನೊ, ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, ಅದರೊಳಗೆ ಮ್ಯಾನೇಜರನ್ನು ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರಂತೆ. ಸುಮ್ನೆ ನಿಂತು ನೋಡಬೇಕು. ನಮ್ಮಲ್ಲಿ ಯಾರನ್ನಾದರೂ ಹಾಗೆ ನಿಲ್ಲಿಸಿದರೆ ಮರುದಿನ ರಾಜೀನಾಮೆ ಪತ್ರ ಬರುತ್ತದೆ, ಅದು ಬೇರೆ ಮಾತು. ಅದಕ್ಕೇ ನಾನು ಓಡಾಡಿ ಅನ್ನುವುದು.

ಈಗ ಆ ಹತ್ತು ದಿನದ ವಿಷಯ. ಇದಕ್ಕೊಂದು ಸರಳ ಸೂತ್ರ ಇದೆ. 1961ರಲ್ಲಿ ಜಾನ್ ಲಿಟಲ್ ಎಂಬ ವಿದ್ವಾಂಸರು ಅದನ್ನು ಗಣಿತದಲ್ಲಿ ಸಾಬೀತು ಮಾಡಿದರು. ಅವರ ಹೆಸರಲ್ಲೇ ಲಿಟಲ್ಸ್ ಲಾ ಅಂತ ಕರೆಯುತ್ತಾರೆ. ನಿಮ್ಮ ಒಳಗೆ ಅರ್ಧಂಬರ್ಧ ಆಗಿರುವ ಆರ್ಡರ್ ಎಷ್ಟಿವೆ, ದಿನಕ್ಕೆ ಎಷ್ಟು ಮುಗಿಯುತ್ತವೆ? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಒಂದು ಆರ್ಡರ್ ಮುಗಿಯಲು ಸರಾಸರಿ ಅಷ್ಟು ದಿನ ಬೇಕು. ಒಳಗೆ 60 ಇವೆ, ದಿನಕ್ಕೆ 5 ಮುಗಿಯುತ್ತವೆ ಅಂದರೆ 12 ದಿನ. ಅದೇ 5 ಮುಗಿಯುತ್ತಿರುವಾಗ ಒಳಗೆ 30 ಮಾತ್ರ ಇದ್ದರೆ 6 ದಿನ. ಯಾರೂ ಜೋರಾಗಿ ಕೆಲಸ ಮಾಡಲಿಲ್ಲ, ಹೊಸ ಮೆಷಿನ್ ಬರಲಿಲ್ಲ. ಒಳಗೆ ಬಿಟ್ಟುಕೊಂಡದ್ದು ಕಡಿಮೆ, ಅಷ್ಟೇ.

ಇಲ್ಲಿ ಮಾಲೀಕರಿಗೆ ಸಿಟ್ಟು ಬರುತ್ತದೆ. "ಬಂದ ಆರ್ಡರ್ ಬೇಡ ಅನ್ನಲಾ?" ಬೇಡ ಅನ್ನಬೇಕಿಲ್ಲ. ಆರ್ಡರ್ ತೊಗೊಳ್ಳಿ, ಆದರೆ ಪ್ರಿಂಟಿಂಗಿಗೆ ಬಿಡಬೇಡಿ. ಮುಂದಿನ ಮೆಷಿನ್ ಖಾಲಿಯಾಗುವ ಹೊತ್ತಿಗೆ ಬಿಡಿ. ಕಾಗದದ ಮೇಲೆ ಕಾಯುವ ಆರ್ಡರಿಗೆ ಜಾಗ ಬೇಡ, ಅದರ ಮೇಲೆ ಯಾರೂ ಹೆಲ್ಮೆಟ್ ಇಡುವುದಿಲ್ಲ, ಗಿರಾಕಿ ಕೊನೇ ಗಳಿಗೆಯಲ್ಲಿ ಸೈಜ್ ಬದಲಾಯಿಸಿದರೂ ನಷ್ಟ ಇಲ್ಲ. ಪ್ರಿಂಟ್ ಆಗಿ ಕೂತದ್ದಕ್ಕೆ ರಟ್ಟಿನ ದುಡ್ಡೂ ಹೋಗಿದೆ, ಇಂಕಿನ ದುಡ್ಡೂ ಹೋಗಿದೆ.

ಇನ್ನೊಂದು ನಂಬಿಕೆ ಇದೆ, ಅದನ್ನು ಬಿಡಿಸಲು ನನಗೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಬೇಕಾಗುತ್ತದೆ. ಎಲ್ಲರೂ ಸದಾ ಬಿಜಿ ಇರಬೇಕು, ಯಾವ ಮೆಷಿನ್ನೂ ನಿಲ್ಲಬಾರದು ಅನ್ನುವುದು. ಸಾಲಿನಲ್ಲಿ ಕಾಯುವುದರ ಬಗ್ಗೆ ಗಣಿತದವರು ನೂರು ವರ್ಷದಿಂದ ಲೆಕ್ಕ ಹಾಕುತ್ತಾ ಬಂದಿದ್ದಾರೆ. ಅದರ ತೀರಾ ಸರಳ ಮಾದರಿಯನ್ನೇ ತೊಗೊಳ್ಳಿ. ಒಬ್ಬನೇ ಕೆಲಸಗಾರ, ಕೆಲಸ ಮನಸ್ಸಿಗೆ ಬಂದಂತೆ ಬರುತ್ತದೆ, ಒಂದೊಂದಕ್ಕೂ ಹಿಡಿಯುವ ಹೊತ್ತು ಬೇರೆ ಬೇರೆ, ಸರಾಸರಿ ಒಂದು ಗಂಟೆ. ಅವನು ಶೇ 80ರಷ್ಟು ಹೊತ್ತು ಬಿಜಿ ಇದ್ದರೆ ಹೊಸ ಕೆಲಸ ಸರದಿಯಲ್ಲಿ ಸರಾಸರಿ 4 ಗಂಟೆ ಕಾಯುತ್ತದೆ. ಶೇ 90 ಆದರೆ 9 ಗಂಟೆ. ಶೇ 95 ಆದರೆ 19 ಗಂಟೆ. ಕೆಲಸಗಾರನ ದಿನದಿಂದ ಇನ್ನೊಂಚೂರು ಹಿಂಡಿಕೊಂಡೆವು ಅಂತ ಖುಷಿಪಡುವ ಹೊತ್ತಿಗೆ ಆರ್ಡರ್ ಕಾಯುವುದು ಎರಡು ಪಟ್ಟಾಗಿರುತ್ತದೆ. ಅದಕ್ಕೇ ಆಮೇಲೆ ಎಲ್ಲ ಕಾರ್ಡಿನ ಮೇಲೂ ಕೆಂಪು ಪೆನ್ನಲ್ಲಿ 'ಅರ್ಜೆಂಟ್' ಅಂತ ಬರೆಯಬೇಕಾಗುವುದು. ಆ ಯೂನಿಟ್‌ನಲ್ಲಿ 'ಅರ್ಜೆಂಟ್' ಸಾಲದೆ 'ತುಂಬಾ ಅರ್ಜೆಂಟ್' ಅಂತ ಇನ್ನೊಂದು ಸೀಲ್ ಮಾಡಿಸಿದ್ದರು. ನಿಜ.

ಹಾಗಾದರೆ ಎಲ್ಲಿ ಕೈ ಹಾಕಬೇಕು? ಎಲ್ಲಿ ಜಾಸ್ತಿ ಗುಡ್ಡೆ ಬಿದ್ದಿದೆಯೋ ಅಲ್ಲಿ. ಆ ಯೂನಿಟ್‌ನಲ್ಲಿ ಎರಡು ಗುಡ್ಡೆ ಇದ್ದವು. ಒಂದು ಡೈ ಕಟಿಂಗ್ ಮುಂದೆ. ಇನ್ನೊಂದು ಮಾಲೀಕರ ಟೇಬಲ್ ಮೇಲೆ. ಎರಡನೆಯದನ್ನು ಹೇಳುವಾಗ ನಾನು ಸ್ವಲ್ಪ ದೂರ ಕೂತಿದ್ದೆ. ಸಣ್ಣ ಕಂಪನಿಗಳಲ್ಲಿ ಬಹಳ ಸಲ ಕೆಲಸ ಸಿಕ್ಕಿಕೊಳ್ಳುವುದು ಮಾಲೀಕರ ಕುರ್ಚಿಯ ಹತ್ತಿರವೇ. ರೇಟು, ರಿಯಾಯಿತಿ, ಖರೀದಿ, ರಜೆ ಎಲ್ಲದಕ್ಕೂ ಅವರದೇ ಸಹಿ. ಹದಿನೈದು ಕಾರ್ಡ್ ಬಿಡಿಸಿ ನೋಡಿದೆವು. ಹನ್ನೊಂದು ಹಳೇ ಗಿರಾಕಿಗಳ ಹಳೇ ರೇಟಿನ ಮರು ಆರ್ಡರ್. ಅಂಥವು ಇನ್ನು ಮುಂದೆ ಸಹಿಗೆ ಬರುವುದು ಬೇಡ, ಸೂಪರ್‌ವೈಸರೇ ಬಿಡಲಿ ಅಂತಾಯಿತು. ಆ ಒಂದು ಮಾತಿನಲ್ಲಿ ಎರಡು ದಿನ ಉಳಿಯಿತು.

ಡೈ ಕಟಿಂಗ್‌ನದು ಬೇರೆ ಕತೆ. ಮೆಷಿನ್ ಓಡುತ್ತಿರುವಾಗ ಚೆನ್ನಾಗಿಯೇ ಓಡುತ್ತಿತ್ತು. ಒಂದು ಜಾಬ್ ಮುಗಿದು ಇನ್ನೊಂದಕ್ಕೆ ಹೊಂದಿಸಲು ಒಂದು ಗಂಟೆ ಹತ್ತು ನಿಮಿಷ ಹಿಡಿಯುತ್ತಿತ್ತು. ಪಕ್ಕದಲ್ಲಿ ನಿಂತು ನೋಡಿದೆ. ಆಪರೇಟರ್ ಮೆಷಿನ್ ನಿಲ್ಲಿಸಿದ. ಡೈ ತರಲು ರ್‍ಯಾಕಿಗೆ ಹೋದ. ಡೈ ಮೇಲೆ ನಂಬರ್ ಅಳಿಸಿಹೋಗಿತ್ತು, ನಾಲ್ಕು ಎಳೆದು ನೋಡಿದ. ಬಂದ. ಸ್ಪ್ಯಾನರ್ ಇರಲಿಲ್ಲ, ಪ್ರಿಂಟಿಂಗಿನವರು ಒಯ್ದಿದ್ದರು. ಮತ್ತೆ ಹೋದ. ಮೆಷಿನ್ ನಿಂತೇ ಇತ್ತು.

ಶಿಗೆಯೊ ಶಿಂಗೊ ಎಂಬ ಜಪಾನಿನ ಎಂಜಿನಿಯರ್ ಇದನ್ನೇ ಹಿಡಿದು ಕೆಲಸ ಮಾಡಿದವರು. 1969ರಲ್ಲಿ ಟೊಯೋಟಾದಲ್ಲಿ ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಒಂದು ಸಾವಿರ ಟನ್ನಿನ ಪ್ರೆಸ್‌ಗೆ ಡೈ ಬದಲಾಯಿಸಲು 4 ಗಂಟೆ ಬೇಕಾಗುತ್ತಿತ್ತು. ಅದನ್ನು ಮೊದಲು 90 ನಿಮಿಷಕ್ಕೆ, ಕೊನೆಗೆ 3 ನಿಮಿಷಕ್ಕೆ ಇಳಿಸಿದರು. ಅವರು ಕೇಳಿದ ಮೊದಲ ಪ್ರಶ್ನೆ ಸುಲಭದ್ದು: ಇದರಲ್ಲಿ ಮೆಷಿನ್ ನಿಲ್ಲಿಸಿಯೇ ಮಾಡಬೇಕಾದದ್ದು ಯಾವುದು, ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು? ನಮ್ಮ ಆಪರೇಟರ್ ಜತೆ ಕೂತು ಅದನ್ನೇ ಮಾಡಿದೆವು. ಮುಂದಿನ ಜಾಬಿನ ಡೈ ಮೊದಲೇ ಬಂದು ಪಕ್ಕದಲ್ಲಿರಬೇಕು. ಸ್ಪ್ಯಾನರ್‌ಗೆ ಮೆಷಿನ್ ಮೇಲೇ ಒಂದು ಕೊಕ್ಕೆ. ಡೈಗಳಿಗೆ ದಪ್ಪ ಪೇಂಟಿನಲ್ಲಿ ನಂಬರ್. ಒಂದು ಗಂಟೆ ಹತ್ತು ನಿಮಿಷ 35 ನಿಮಿಷಕ್ಕೆ ಇಳಿಯಿತು. ಕೊಕ್ಕೆಯ ಐಡಿಯಾ ಅವನದೇ. ಎರಡು ವರ್ಷದಿಂದ ತಲೆಯಲ್ಲಿತ್ತಂತೆ. "ಯಾರೂ ಕೇಳ್ಲಿಲ್ವಲ್ಲ ಸರ್" ಅಂದ.

ತಪ್ಪಾಗಿ ಮತ್ತೆ ಮಾಡಬೇಕಾದ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಪುಸ್ತಕ ಇಡಿ, ಪ್ರತಿ ಸಲ ಯಾಕೆ ಅಂತ ಒಂದು ಸಾಲು ಬರೆಯಿರಿ. ಅಲ್ಲಿ ಬರೆದ ಮೊದಲ ಏಳರಲ್ಲಿ ನಾಲ್ಕಕ್ಕೆ ಕಾರಣ ಒಂದೇ, ಹಳೇ ಫೈಲ್ ಪ್ರಿಂಟಿಗೆ ಹೋಗಿದ್ದು. ಕಂಪ್ಯೂಟರ್‌ನಲ್ಲಿ 'ಫೈನಲ್', 'ಫೈನಲ್ ನ್ಯೂ', 'ಫೈನಲ್ ಲಾಸ್ಟ್' ಮೂರೂ ಇದ್ದವು. ಸರಿಯಾದದ್ದು 'ನ್ಯೂ'.

ಸಾಫ್ಟ್‌ವೇರ್ ಯಾವಾಗಲೂ ಬೇಡ ಅಂತ ನಾನು ಹೇಳುತ್ತಿಲ್ಲ. ಸ್ಟಾಕಿನ ಲೆಕ್ಕ, ಬಿಲ್ಲು, ತೆರಿಗೆ ಇವಕ್ಕೆ ಬೇಕೇ ಬೇಕು. ಆದರೆ ಆರ್ಡರ್ ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಿಲ್ಲದವರು ಅದನ್ನು ಕೊಂಡರೆ, ಹದಿನೈದು ಕಾರ್ಡ್ ಟೇಬಲ್ ಬಿಟ್ಟು ಪರದೆ ಮೇಲೆ ಕಾಯುತ್ತವೆ. ಜತೆಗೆ ದಿನಾ ಎಂಟ್ರಿ ಹಾಕಲು ಒಬ್ಬರನ್ನು ಕೂರಿಸಬೇಕು.

ಆ ಯೂನಿಟ್‌ನಲ್ಲಿ ಮೊದಲು ಗೋಡೆಗೆ ಒಂದು ಬಿಳಿ ಬೋರ್ಡ್ ಹಾಕಿದೆವು. ಒಂದೊಂದು ಹಂತಕ್ಕೆ ಒಂದೊಂದು ಕಾಲಂ, ಒಂದೊಂದು ಆರ್ಡರಿಗೆ ಒಂದೊಂದು ಚೀಟಿ. ಡೈ ಕಟಿಂಗ್ ಕಾಲಮಿನಲ್ಲಿ ಎಂಟಕ್ಕಿಂತ ಹೆಚ್ಚು ಚೀಟಿ ಅಂಟಿಸುವಂತಿಲ್ಲ. ಮೊದಲ ವಾರವೇ ಮಾಲೀಕರೇ ಬಂದು ಒಂಬತ್ತನೆಯದು ಅಂಟಿಸಿದರು. ಸೂಪರ್‌ವೈಸರ್ ಅವರ ಕಣ್ಣೆದುರೇ ಅದನ್ನು ಕಿತ್ತು ಹಿಂದಿನ ಕಾಲಮಿಗೆ ಹಾಕಿದಳು. ಅವರು ಏನೂ ಅನ್ನಲಿಲ್ಲ.

ಐದಾರು ತಿಂಗಳಾದ ಮೇಲೆ ಅವರೇ ಫೋನ್ ಮಾಡಿದರು. ಸಾಫ್ಟ್‌ವೇರ್ ಮಾರುವವರು ಬಂದಿದ್ದರಂತೆ, ಎರಡು ಗಂಟೆ ಡೆಮೊ ತೋರಿಸಿದರಂತೆ. "ನಾನು ಒಂದೇ ಕೇಳಿದೆ ಸರ್. ಎಂಟಾದ ಮೇಲೆ ಒಂಬತ್ತನೇದು ಹಾಕಕ್ಕೆ ಹೋದ್ರೆ ನಿಮ್ದು ಬೇಡ ಅನ್ನುತ್ತಾ ಅಂತ. ಅವ್ರಿಗೆ ಅರ್ಥನೇ ಆಗ್ಲಿಲ್ಲ."